ಬಿಳಿ ಮರಕ್ಕೆ ಕುಂಕುಮ

ಬಿಳಿ ಮರವೆಂದರೆ ನಮ್ಮ ಕರಾವಳಿಯ ಆಚಾರಿಗಳಿಗೆ ಅಷ್ಟಾಗಿ ಗೌರವವಿಲ್ಲ. ಹಲಸಿನ ಹಳದಿ, ತೇಗದ ಕಂದು, ಬೀಟೆಯ ಕಪ್ಪು. ಬಣ್ಣ ಗಾಢವಾದಷ್ಟೂ ಮರ ಬಲಿತಿದೆ ಎಂದು ಲೆಕ್ಕ. ಬಿಳಿಯದು ಬೆಂಕಿಕಡ್ಡಿಗೆ, ಹಣ್ಣಿನ ಪೆಟ್ಟಿಗೆಗೆ. ಆದ್ದರಿಂದ ಅಮೆರಿಕದಿಂದ ಹಡಗಿನಲ್ಲಿ ಬಂದ ಹಾಲಿ ಎಂಬ ಮರದ ನಾಲ್ಕು ತುಂಡುಗಳನ್ನು ನಾನು ದೋಹಾದ ಓಲ್ಡ್ ಏರ್‌ಪೋರ್ಟ್‌ ಎಂಬ ಬಡಾವಣೆಯಲ್ಲಿರುವ ನಮ್ಮ ಫ್ಲ್ಯಾಟಿಗೆ ತಂದು ಇಳಿಸಿದಾಗ ನನ್ನ ಗಂಡ ಕುರ್ಚಿಯಿಂದ ಏಳದೆ ಹೇಳಿದ್ದು ಇಷ್ಟೆ: "ಸೌದೆಯನ್ನು ಅಷ್ಟು ದೂರದಿಂದ ತರಿಸಬೇಕಿತ್ತಾ ಮಾರಾಯ್ತಿ?"

ಅವರು ಮರದ ಕೆಲಸದ ಕಾರ್ಖಾನೆಯೊಂದರಲ್ಲಿ ಬಹಳ ವರ್ಷಗಳಿಂದ ಸೂಪರ್‌ವೈಸರ್. ಇಂಡಸ್ಟ್ರಿಯಲ್ ಏರಿಯಾದ ಆ ಶೆಡ್ಡಿನಲ್ಲಿ ಬಾಗಿಲು, ಕಪಾಟು, ಅರಬ್ಬರ ಅತಿಥಿಕೋಣೆ ಮಜಲಿಸ್‌ನ ಸೋಫಾ ಚೌಕಟ್ಟು ಎಲ್ಲ ಅವರ ಕಣ್ಣಿನ ಕೆಳಗೇ ಆಗಬೇಕು. ನಾನು ಆಪರೇಷನ್ ಥಿಯೇಟರಿನ ನರ್ಸ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾಗದೆ, ಅವರ ಹಳೆಯ ಉಳಿಗಳನ್ನು ಹರಿತ ಮಾಡಿಕೊಂಡು, ಸಣ್ಣ ಸಣ್ಣ ಡಬ್ಬಿ, ಚಮಚ, ಬಾಚಣಿಗೆ ಮಾಡಲು ಕಲಿತೆ. ಥಿಯೇಟರಿನಲ್ಲಿ ಕಲಿತದ್ದು ಮರಕ್ಕೂ ಸಲ್ಲುತ್ತದೆ. ಮೊದಲು ಕೈ ತೊಳೆ. ಬೇಕಾದ ಸಲಕರಣೆಗಳನ್ನು ಬೇಕಾಗುವ ಕ್ರಮದಲ್ಲಿ ಇಡು. ಕೆಲಸ ಮುಗಿದ ಮೇಲೆ ಎಣಿಸಿ ಎತ್ತಿಡು. ಹೀಗೆ ಮಾಡಿದರೆ ಅರ್ಧ ಕೆಲಸ ಆದಂತೆ.

ಗಂಡ ಕುರ್ಚಿಯಿಂದ ಏಳದಿದ್ದುದಕ್ಕೆ ಕಾರಣವಿತ್ತು. ಆ ಚಳಿಗಾಲದ ಆರಂಭದಲ್ಲಿ ಅವರಿಗೆ ಸಣ್ಣದೊಂದು ಪಾರ್ಶ್ವವಾಯು ಆಗಿತ್ತು. ಮಾತು ಬೇಗ ಸರಿಹೋಯಿತು, ಕಾಲು ನಿಧಾನವಾಗಿ ಸರಿಹೋಯಿತು. ಬಲಗೈಯ ಶಕ್ತಿ ಮಾತ್ರ ಭುಜದಿಂದ ಇಳಿಯುತ್ತಾ ಮಣಿಕಟ್ಟಿನವರೆಗೆ ಬಂದು ಅಲ್ಲೇ ನಿಂತಿತು. ಬೆರಳುಗಳು ಒಟ್ಟಿಗೆ ಮಡಚುತ್ತಿದ್ದವು, ಒಟ್ಟಿಗೆ ಬಿಚ್ಚುತ್ತಿದ್ದವು. ಒಂದನ್ನು ಬಿಟ್ಟು ಇನ್ನೊಂದು ಅಲ್ಲಾಡುತ್ತಿರಲಿಲ್ಲ. ಉಂಗುರ ಬೆರಳಂತೂ ಪಕ್ಕದ ಎರಡು ಬೆರಳುಗಳಿಗೆ ಹೊಲಿದುಬಿಟ್ಟ ಹಾಗೆ.

ಕೈ ಇಲ್ಲದಿದ್ದರೂ ಸೂಪರ್‌ವೈಸರಿನ ಕೆಲಸ ಬಾಯಿಂದ ನಡೆಯುತ್ತದೆ. ಹಾರ್ಮೋನಿಯಂ ನಡೆಯುವುದಿಲ್ಲ. ನಮ್ಮ ಹಾಲಿನಲ್ಲಿ ಶುಕ್ರವಾರ ಸಂಜೆ ಭಜನೆ ನಡೆಯುತ್ತದೆ. ಬರ್ವಾ ಅಲ್ ಬರಾಹಾದ ಕಾರ್ಮಿಕರ ವಸತಿಯಲ್ಲಿರುವ ನಮ್ಮೂರ ಕಡೆಯ ಕೆಲಸಗಾರರು ಒಂದು ವ್ಯಾನು ಮಾಡಿಕೊಂಡು ಬರುತ್ತಾರೆ, ಅಲ್ ಮುಂತಜಾದಲ್ಲಿ ಅಂಗಡಿ ಇಟ್ಟುಕೊಂಡಿರುವ ಗೆಳೆಯರೊಬ್ಬರು ತಬಲಾ ತರುತ್ತಾರೆ. ಹಾರ್ಮೋನಿಯಂ ನನ್ನ ಗಂಡನದು. ಎಡಗೈಯಲ್ಲಿ ಗಾಳಿ ಹಾಕಿ, ಬಲಗೈ ಬೆರಳುಗಳನ್ನು ಓಡಿಸುತ್ತಾ, ಕಣ್ಣುಮುಚ್ಚಿ ಕೂತರೆ ಅವರಿಗೆ ಬೇರೆ ಲೋಕ ಬೇಡ. ಆ ಚಳಿಗಾಲದ ನಂತರ ಹಾರ್ಮೋನಿಯಂ ಬಟ್ಟೆ ಹೊದ್ದುಕೊಂಡು ಮೂಲೆ ಸೇರಿತು. ಭಜನೆ ತಾಳ ತಬಲೆಗಳಲ್ಲೇ ಸಾಗಿತು. ಅವರು ಒಳಗಿನ ಕೋಣೆಯಲ್ಲಿ ಟಿವಿ ಹಚ್ಚಿಕೊಂಡು ಕೂರುತ್ತಿದ್ದರು. ಶಬ್ದ ಇಲ್ಲದ ಟಿವಿ. ಭಜನೆ ಕೇಳಬೇಕಲ್ಲ, ಅದಕ್ಕೆ.

ಅವರು ಮತ್ತೆ ಆ ಹಾರ್ಮೋನಿಯಂ ಮುಂದೆ ಕೂರಬೇಕು. ಆ ವರ್ಷ ನನಗಿದ್ದ ಚಿಂತೆ ಅದೊಂದೇ.

ಹಾಲಿ ಮರವನ್ನು ಕೊಟ್ಟವರು ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಅರಿವಳಿಕೆ ಡಾಕ್ಟರು, ಅಮೆರಿಕದವರು. ಬಿಡುವಿನಲ್ಲಿ ಗಿಟಾರ್ ಕಟ್ಟುತ್ತಿದ್ದರು. ಅವರ ತಾಯಿಯ ಅಂಗಳದಲ್ಲಿದ್ದ ಹಾಲಿ ಮರವನ್ನು ಚಳಿಗಾಲದಲ್ಲಿ ಕಡಿದು, ತೊಗಟೆ ತೆಗೆಸಿ, ಎರಡೂ ತುದಿಗಳಿಗೆ ಮೇಣ ಬಳಿಸಿ, ಮನೆ ಸಾಮಾನಿನ ಜೊತೆ ಹಡಗಿಗೆ ಹಾಕಿಸಿದ್ದರು. ಸಾಮಾನು ದೋಹಾ ಮುಟ್ಟುವ ಹೊತ್ತಿಗೆ ಅವರಿಗೇ ಊರಿಗೆ ಮರಳುವ ಕರೆ ಬಂತು. ಬಂದ ಮರವನ್ನು ಮತ್ತೆ ಕಳಿಸುವುದು ಹುಚ್ಚುತನ ಎಂದು ನನ್ನನ್ನು ಕರೆದು ಕೊಟ್ಟರು.

ನನಗೆ ಹಾಲಿ ಎಂದರೆ ಡಿಸೆಂಬರಿನಲ್ಲಿ ಕ್ರಿಸ್ಮಸ್ಸಿಗೆಂದು ನರ್ಸುಗಳ ಮೇಜಿನ ಮೇಲೆ ತೂಗುಹಾಕುತ್ತಿದ್ದ ಪ್ಲಾಸ್ಟಿಕ್ ಎಲೆ. ಅಂಚಿನಲ್ಲಿ ಮುಳ್ಳು, ನಡುವೆ ಕೆಂಪು ಮಣಿಗಳ ಗೊಂಚಲು. ಅದಕ್ಕೊಂದು ಮರವಿದೆ, ಆ ಮರಕ್ಕೊಂದು ತಿರುಳಿದೆ ಎಂದು ಯೋಚಿಸಿಯೇ ಇರಲಿಲ್ಲ. ಡಾಕ್ಟರು ರೋಗಿಗೆ ಔಷಧಿ ಹೇಳುವ ಹಾಗೆ ಹೇಳಿದರು. ಮರಗಳಲ್ಲೆಲ್ಲ ಇದರಷ್ಟು ಬಿಳಿ ಸಿಗುವುದು ಅಪರೂಪ. ದಿಮ್ಮಿಯಾಗಿ ಇಟ್ಟರೆ ಒಳಗಿನ ಪಸೆಗೆ ಬೂದು ಬಣ್ಣಕ್ಕೆ ತಿರುಗುತ್ತದೆ. ಬೇಗ ಸೀಳಬೇಕು, ಬೇಗ ಒಣಗಿಸಬೇಕು, ಹಲಗೆಗಳ ನಡುವೆ ಗಾಳಿ ಆಡಬೇಕು. ಎಣ್ಣೆ ಸೋಕಿಸಬಾರದು, ಹಳದಿಯಾಗುತ್ತದೆ. ಕೊನೆಗೆ, ತಮ್ಮ ದೇಶದಲ್ಲಿ ಪಿಯಾನೋದ ಬಿಳಿ ಕೀಗಳಿಗೆ ದಂತದ ಬದಲು ಇದನ್ನು ಹಾಕುವುದುಂಟು ಎಂದರು.

ಆ ಕೊನೆಯ ಮಾತನ್ನು ಹೊತ್ತುಕೊಂಡು ನಾನು ಮನೆಗೆ ಬಂದೆ. ಹಾರ್ಮೋನಿಯಂನ ಬಟ್ಟೆ ತೆಗೆದು ನೋಡಿದೆ. ಬಿಳಿ ಕೀಗಳ ಮೇಲಿನ ಹಳೆಯ ಪ್ಲಾಸ್ಟಿಕ್ ಹೊದಿಕೆ ವೀಳ್ಯ ಜಗಿದವರ ಹಲ್ಲಿನಂತಾಗಿತ್ತು. ಕೆಲವು ಸೀಳಿದ್ದವು, ಒಂದೆರಡು ಕಡೆ ಎದ್ದೇ ಹೋಗಿ ಅಂಟಿನ ಕಲೆ ಉಳಿದಿತ್ತು. ಬೆರಳಾಡಿಸಿದರೆ ಸೀಳಿನ ಅಂಚು ಚರ್ಮವನ್ನು ಕಚ್ಚುತ್ತಿತ್ತು. ಗಟ್ಟಿ ಕೈಯವರು ಅದನ್ನು ಲೆಕ್ಕಿಸುವುದಿಲ್ಲ. ಅರೆಜೀವದ ಬೆರಳು ಒಮ್ಮೆ ಕಚ್ಚಿಸಿಕೊಂಡರೆ ಮತ್ತೆ ಆ ಕಡೆ ಹೋಗುವುದಿಲ್ಲ. ಆ ಹೊದಿಕೆಗಳನ್ನೆಲ್ಲ ತೆಗೆದು ಹಾಲಿ ಮರದ ತೆಳುಪಟ್ಟಿ ಅಂಟಿಸಬೇಕೆಂದು ನಿಶ್ಚಯಿಸಿದೆ. ಇದು ಚಿಕಿತ್ಸೆ ಎಂದು ಯಾರಿಗೂ ಹೇಳಲಿಲ್ಲ. ಹಾರ್ಮೋನಿಯಂ ರಿಪೇರಿ ಎಂದೆ.

ಸೀಳುವುದಕ್ಕೆ ಯಂತ್ರದ ಗರಗಸ, ಬ್ಯಾಂಡ್‌ಸಾ ಬೇಕು. ಅದಿರುವುದು ಗಂಡನ ಕಾರ್ಖಾನೆಯಲ್ಲಿ. ನಾಳೆ ಹೋಗುವ ಎಂದರು. ನಾಳೆ ಬಂತು, ಹೋಗಲಿಲ್ಲ. ಮುಂದಿನ ವಾರ ಎಂದರು. ಆಗಿನ್ನೂ ಅವರು ಅನಾರೋಗ್ಯದ ರಜೆಯಲ್ಲೇ ಇದ್ದರು. ತಾವು ಕೈಹಿಡಿದು ಕಲಿಸಿದ ಜನರ ಎದುರು ಆ ಕೈಯನ್ನು ಹೊತ್ತುಕೊಂಡು ಹೋಗುವುದು ಅವರಿಗೆ ಬೇಡವಾಗಿತ್ತು. ದಿಮ್ಮಿಗಳು ಕಾರಿಡಾರಿನಲ್ಲಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂತಿದ್ದವು. ನಾನು ದಿನಾ ಬೆಳಿಗ್ಗೆ ನೆಲ ಒರೆಸುವಾಗ ಅವುಗಳ ತುದಿ ನೋಡುತ್ತಿದ್ದೆ. ಮೇಣದಲ್ಲಿ ಬಿರುಕು ಬಿಟ್ಟ ಕಡೆ ಬೂದು ಬಣ್ಣ ಇಣುಕತೊಡಗಿತು. ದೋಹಾದಲ್ಲಿ ಬಿಸಿಲು ಏರುತ್ತಿತ್ತು.

ಕೊನೆಗೆ ನಾನೇ ಕಾರ್ಖಾನೆಯ ಮುದೀರ್, ಎಂದರೆ ಮ್ಯಾನೇಜರ್‌ಗೆ ಫೋನು ಮಾಡಿ, ಶನಿವಾರ ಬೆಳಿಗ್ಗೆ ಯಂತ್ರ ಖಾಲಿ ಇರುತ್ತದೆಂದು ತಿಳಿದುಕೊಂಡು, ಟ್ಯಾಕ್ಸಿ ಕರೆಸಿ ದಿಮ್ಮಿಗಳನ್ನು ಡಿಕ್ಕಿಗೆ ಹಾಕಿಸಿದೆ. ನೀವು ಬೇಕಾದರೆ ಮನೆಯಲ್ಲಿರಿ ಎಂದೆ. ಅವರು ಷರ್ಟು ಹಾಕಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು. ತಾನಿಲ್ಲದೆ ತನ್ನ ಬ್ಯಾಂಡ್‌ಸಾ ತಿರುಗುವುದನ್ನು ಸಹಿಸುವ ಮನುಷ್ಯ ಅವರಲ್ಲ. ಅದು ನನಗೆ ಗೊತ್ತಿತ್ತು.

ಯಂತ್ರ ನಡೆಸಿದವನು ಅವರೇ ತಯಾರು ಮಾಡಿದ ಒಬ್ಬ ಮಲಯಾಳಿ. ದುಂಡನೆಯ ದಿಮ್ಮಿಯನ್ನು ಹಾಗೇ ಗರಗಸಕ್ಕೆ ಕೊಟ್ಟರೆ ಉರುಳಿ ಕೈ ತೆಗೆಯುತ್ತದೆ. ಒಂದು ಸಮತಟ್ಟಾದ ಪ್ಲೈವುಡ್ ಹಲಗೆಯ ಮೇಲೆ ದಿಮ್ಮಿಯನ್ನು ಮಲಗಿಸಿ, ಎರಡೂ ಬದಿಗೆ ಮರದ ಬೆಣೆ ಕೊಟ್ಟು, ತಿರುಪು ಹಾಕಿ ಬಿಗಿದರು. ಹಲಗೆ ಸಮೇತ ತಳ್ಳಿದಾಗ ಮೊದಲ ಪದರು ಹೋಗಿ ದಿಮ್ಮಿಗೆ ಒಂದು ಚಪ್ಪಟೆ ಮುಖ ಬರುತ್ತದೆ. ಆ ಮುಖವನ್ನು ಕೆಳಗೆ ಮಾಡಿದರೆ ಮುಂದಿನದೆಲ್ಲ ಬ್ರೆಡ್ಡು ಕೊಯ್ದ ಹಾಗೆ. ಗಂಡ ಬಲಗೈಯನ್ನು ಪ್ಯಾಂಟಿನ ಜೇಬಿನೊಳಗೆ ಇಟ್ಟುಕೊಂಡು, ಗದ್ದದಲ್ಲೇ ದಿಕ್ಕು ತೋರಿಸುತ್ತಾ, ಮೂರು ಭಾಷೆಗಳನ್ನು ಕಲಸಿ ಆಜ್ಞೆ ಕೊಟ್ಟರು. ಗರಗಸ ಓಡುವಾಗ ಅವರ ಬೆನ್ನು ನೆಟ್ಟಗಾಗಿತ್ತು. "ಯಲ್ಲಾ, ಬಿಡು. ನಿಧಾನ. ಖಲಾಸ್."

ಮೊದಲ ಹಲಗೆ ಬಿಚ್ಚಿಕೊಂಡಿತು. ಆಗ ತಾನೇ ಒಡೆದ ತೆಂಗಿನಕಾಯಿಯ ಒಳಗಿನಷ್ಟು ಬಿಳಿ. ಗೆರೆಯಿಲ್ಲ, ಕಣ್ಣಿಲ್ಲ, ವಾಸನೆಯೂ ಅಷ್ಟಾಗಿ ಇಲ್ಲ. ಗಂಡ ಬಗ್ಗಿ ಎಡಗೈ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಅದರಾಚೆಯ ಹಲಗೆಗಳಲ್ಲಿ ತುದಿಯಿಂದ ಒಳಕ್ಕೆ ಬೂದು ಎಳೆಗಳು ಹೊಗೆಯಂತೆ ಹರಿದಿದ್ದವು.

"ಸ್ವಲ್ಪ ಮೊದಲೇ ತರಬೇಕಿತ್ತು," ಎಂದರು.

"ಹೌದು," ಎಂದು ಹಲಗೆಗಳನ್ನು ಎತ್ತಿಡತೊಡಗಿದೆ.

ಮನೆಯ ಸಣ್ಣ ಕೋಣೆ ಹಲಗೆಗಳ ಪಾಲಾಯಿತು. ಅದೇ ಮರದ ಚೂರುಗಳಿಂದ ಕಡ್ಡಿಗಳನ್ನು ಮಾಡಿ, ಹಲಗೆಗಳ ನಡುವೆ ಅಡ್ಡಡ್ಡ ಇಟ್ಟು, ಪೇರಿಸಿದೆ. ಬೇರೆ ಮರದ ಕಡ್ಡಿ ಇಟ್ಟರೆ ಅದರ ಬಣ್ಣ ಇದಕ್ಕೆ ಹತ್ತುತ್ತದೆ. ಮೇಲೆ ಭಾರಕ್ಕೆ ಅಕ್ಕಿಯ ಚೀಲ. ಹಾಲಿ ಮರಕ್ಕೆ ತಿರುಚಿಕೊಳ್ಳುವ ಚಟ ಇದೆ, ಭಾರ ಇಲ್ಲದಿದ್ದರೆ ಮಲಗುವುದಿಲ್ಲ. ಎಸಿ ಹಾಕಿ, ಪಕ್ಕದಲ್ಲಿ ಟೇಬಲ್ ಫ್ಯಾನು ತಿರುಗಿಸಿ, ಬೆಳಿಗ್ಗೆ ಸಂಜೆ ಹಲಗೆಗಳನ್ನು ಮಗುಚುತ್ತಿದ್ದೆ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಹಲಗೆಯನ್ನು ತೂಗುತ್ತಿದ್ದೆ. ತೂಕ ಇಳಿಯುವುದು ನಿಂತರೆ ಒಣಗಿತು ಎಂದರ್ಥ.

"ಮರಕ್ಕೆ ಎಸಿ, ಮನುಷ್ಯನಿಗೆ ಫ್ಯಾನು," ಎಂದು ಗಂಡ ಹಾಲಿನಿಂದ ಹೇಳುತ್ತಿದ್ದರು. ಫ್ಯಾನು ಕೂಡ ಮರಕ್ಕೇ ಎಂದು ನಾನು ತಿದ್ದುತ್ತಿದ್ದೆ. ತೂಕ ನೋಡುವ ದಿನ ಅವರೇ ಬಾಗಿಲಿಗೆ ಬಂದು, ಮಗುವಿಗೆ ಎಷ್ಟಾಯಿತು, ಎದೆಹಾಲು ಸಾಕಾಗುತ್ತಾ ಎಂದೆಲ್ಲ ವಿಚಾರಿಸುತ್ತಿದ್ದರು. ಅವರನ್ನು ಆ ಬಾಗಿಲಿನವರೆಗಾದರೂ ತಂದದ್ದು ಆ ಮರ.

ಅವರ ಕೈಯ ವ್ಯಾಯಾಮಕ್ಕೂ ನಾನು ಅಷ್ಟೇ ಕಟ್ಟುನಿಟ್ಟು ಮಾಡಿದ್ದೆ. ತಿಂಡಿಯ ಮೊದಲು ಹಿಟ್ಟಿನಂಥ ರಬ್ಬರನ್ನು ಹಿಂಡುವುದು, ಬಟ್ಟೆ ಕ್ಲಿಪ್ಪು ತೆಗೆದು ಹಾಕುವುದು. ಸಂಜೆ ಚಹಾದ ಮೊದಲು ತಟ್ಟೆಯಿಂದ ಕಡಲೆ ಹೆಕ್ಕುವುದು. ಅವರು ಮಾಡುತ್ತಿದ್ದರು, ಮಾಸ್ತರು ಹೊಡೆಯುತ್ತಾರೆಂದು ಮಗ್ಗಿ ಹೇಳುವ ಹುಡುಗರ ಹಾಗೆ. ಮುಗಿದ ಕೂಡಲೇ ಬಲಗೈಯನ್ನು ತೊಡೆಯ ಮೇಲೆ ಇಟ್ಟು ಮರೆತುಬಿಡುತ್ತಿದ್ದರು. ಫೋನು ಎಡಗೈ, ಬಾಗಿಲು ಎಡಗೈ, ಗುಂಡಿ ಎಡಗೈ. ಊಟಕ್ಕೆ ಎಡಗೈಯಲ್ಲಿ ಚಮಚ. ಎಡಗೈಯಲ್ಲಿ ಉಣ್ಣುವುದನ್ನು ಬೇರೆಯವರು ನೋಡಬಾರದೆಂದು ಕರೆದ ಮನೆಗಳಿಗೆಲ್ಲ ಹೋಗುವುದನ್ನು ನಿಲ್ಲಿಸಿದ್ದರು. ಫಿಸಿಯೋಥೆರಪಿಯವರು ಒಂದು ಉಪಾಯ ಹೇಳಿದ್ದರು: ದಿನದಲ್ಲಿ ಸ್ವಲ್ಪ ಹೊತ್ತು ಎಡಗೈಗೆ ದಪ್ಪ ಗವಸು ತೊಡಿಸಿಬಿಡಿ, ಆಗ ಬಲಗೈ ಕೆಲಸಕ್ಕೆ ಇಳಿಯಲೇಬೇಕು, ಬಳಸದ ಕೈ ತನಗೆ ಬರುವುದನ್ನೂ ಮರೆಯುತ್ತದೆ ಎಂದು. ನಾನು ಓವನ್ನಿನ ಗವಸು ತಂದು ಮುಂದೆ ಹಿಡಿದೆ.

"ಇರುವ ಒಂದು ಕೈಯನ್ನೂ ಕಟ್ಟಿ ಹಾಕ್ತೀಯಾ ಸಿಸ್ಟರಮ್ಮ?" ಎಂದರು. ಸಿಸ್ಟರಮ್ಮ ಎಂದು ಕರೆದರೆ ಮಾತು ಮುಗಿಯಿತು ಎಂದು ಅರ್ಥ.

ಸೀಳುವಾಗ ಉಳಿದ ಒಂದು ಮೂಲೆ ತುಂಡಿನಿಂದ ಅವರಿಗಾಗಿ ದಪ್ಪ ಹಿಡಿಯ ಚಮಚ ಕೆತ್ತಿದೆ. ಬಲಗೈಗೆ ಹಿಡಿತ ಸಿಗಲಿ ಎಂದು ಹಿಡಿಯನ್ನು ಹೆಬ್ಬೆರಳಿಗೆ ಹೊಂದುವಂತೆ ತಗ್ಗು ಮಾಡಿದ್ದೆ. ಚೆನ್ನಾಗಿದೆ ಎಂದು ಹೊಗಳಿ ಚಹಾಪುಡಿಯ ಡಬ್ಬಿಯೊಳಗೆ ಹಾಕಿದರು. ಈಗಲೂ ಅಲ್ಲೇ ಇದೆ, ಬಿಳಿ ಹೋಗಿ ಚಹಾ ಬಣ್ಣ ಬಂದಿದೆ.

ಬೇಸಿಗೆ ಬಂತು, ಗಂಡ ಮತ್ತೆ ಕೆಲಸಕ್ಕೆ ಹೋಗತೊಡಗಿದರು. ಆಗಸ್ಟಿನಲ್ಲಿ ದೋಹಾದ ಗಾಳಿ ಒದ್ದೆ ಟವೆಲಿನ ಹಾಗೆ ಮುಖಕ್ಕೆ ಬಡಿಯುತ್ತದೆ. ಆ ಕೋಣೆಯ ಕಿಟಕಿಯನ್ನು ಟೇಪು ಹಾಕಿ ಮುಚ್ಚಿದೆ. ಆದರೂ ಎರಡು ಹಲಗೆ ತಿರುಚಿಕೊಂಡವು. ತಬಲಾದ ಗೆಳೆಯರು ಇಣುಕಿ, "ಅತ್ತಿಗೆ, ಹಪ್ಪಳ ಚೆನ್ನಾಗಿ ಒಣಗಿದೆ, ಕರಿಯುವುದು ಯಾವಾಗ?" ಎಂದರು. ಗಂಡನಿಗೆ ನಗು ಬಂತು. ತಬಲಾದವರು ಆ ಸಂದು ನೋಡಿ, ಒಂದು ಭಜನೆಗಾದರೂ ಹೊರಗೆ ಬಂದು ಕೂರಿ ಅಣ್ಣ, ಬಾರಿಸುವುದು ಬೇಡ ಎಂದು ಕರೆದರು. ನಗು ಅಲ್ಲಿಗೇ ನಿಂತಿತು. ಟಿವಿ ನೋಡಲಿಕ್ಕುಂಟು ಎಂದು ಒಳಗೆ ಹೋದರು.

ತೂಕ ಇಳಿಯುವುದು ನಿಂತ ಮೇಲೆ ನಾನು ಪಟ್ಟಿಗಳನ್ನು ಸೀಳತೊಡಗಿದೆ. ತೆಳ್ಳಗಿನ ಗರಗಸ, ಸಣ್ಣ ಕೀಸುಳಿ, ಕೊನೆಗೆ ಉಕ್ಕಿನ ತಗಡಿನಿಂದ ಹೆರೆಯುವುದು. ಮರಳುಕಾಗದ ಮುಟ್ಟಲಿಲ್ಲ, ಅದರ ಧೂಳು ಮರದೊಳಗೆ ಕೂರುತ್ತದೆ. ಹಾಲಿ ಗಟ್ಟಿ ಮರ, ಆದರೆ ಹಠಮಾರಿಯಲ್ಲ. ಹರಿತ ಇದ್ದರೆ ರೇಷ್ಮೆಯಂಥ ಸುರುಳಿ ಬರುತ್ತದೆ, ಮೊಂಡಾಗಿದ್ದರೆ ಮಾತು ಕೇಳುವುದಿಲ್ಲ. ಮುಟ್ಟಿದರೆ ತಣ್ಣಗೆ, ನಯವಾಗಿ, ಸ್ವಲ್ಪವೇ ಬೆರಳನ್ನು ಹಿಡಿದುಕೊಳ್ಳುವ ಹಾಗೆ ಇರುತ್ತದೆ. ಪ್ಲಾಸ್ಟಿಕ್ ಜಾರಿಸಿಬಿಡುತ್ತದೆ, ಇದು ಜಾರಿಸುವುದಿಲ್ಲ. ನನಗೆ ಬೇಕಾದದ್ದು ಅದೇ.

ಪ್ರತಿ ಪಟ್ಟಿಗೂ ಎರಡು ಮುಖ. ಹೆಚ್ಚು ಬಿಳಿಯಾದ ಮುಖವನ್ನು ಆರಿಸಿ ಮೇಲೆ ಮಾಡಿ, ಬೂದು ಎಳೆ ಇದ್ದ ಮುಖ ಅಂಟಿಗೆ ಎಂದು ಕೆಳಗೆ ಮಾಡಿ, ಸಾಲಾಗಿ ಜೋಡಿಸಿದೆ. ಮೇಲೆ ಥಿಯೇಟರಿನ ದಿನಗಳಿಂದ ಉಳಿದಿದ್ದ ಹಸಿರು ಬಟ್ಟೆ ಮುಚ್ಚಿದೆ. ಕೈ ತೊಳೆಯದೆ ಯಾರೂ ಮುಟ್ಟಬಾರದು ಎಂದು ಮನೆಯಲ್ಲಿ ಇರುವ ಒಬ್ಬರಿಗೆ ಹೇಳಿದೆ. ಅವರು ಬಾಗಿಲಿಗೆ ಒರಗಿ, ಕೀಸುಳಿಯನ್ನು ಸ್ವಲ್ಪ ಓರೆಯಾಗಿ ಹಿಡಿ, ಹಾಗೆ ನೇರ ತಳ್ಳಬೇಡ ಎಂದು ಸಲಹೆ ಕೊಡುತ್ತಿದ್ದರು. ನೀವೇ ಬಂದು ತೋರಿಸಿ ಎಂದರೆ ಬರುತ್ತಿರಲಿಲ್ಲ.

ಅಂಟಿಸುವುದು ಮಾತ್ರ ಬಾಕಿ ಇದ್ದಾಗ ಆಯುಧ ಪೂಜೆ ಬಂತು.

ಮನೆಯಲ್ಲಿ ಆ ಪೂಜೆ ಯಾವಾಗಲೂ ಅವರದೇ. ಕಾರ್ಖಾನೆಯಿಂದ ತಂದ ಅಳತೆ ಟೇಪು, ಉಳಿಗಳ ಕಟ್ಟು, ಅಡುಗೆಮನೆಯ ಕತ್ತಿ, ಕಾರಿನ ಕೀ, ಹಾರ್ಮೋನಿಯಂ ಎಲ್ಲವನ್ನೂ ಒರೆಸಿ ಸಾಲಾಗಿ ಇಟ್ಟು, ಗಂಧ ಕುಂಕುಮ ಹಚ್ಚಿ, ಹೂ ಏರಿಸಿ, ಊದುಬತ್ತಿ ಬೆಳಗುತ್ತಾರೆ. ನಾನು ಈ ಸಲ ಆ ಮಾತೆತ್ತಿರಲಿಲ್ಲ. ಹಿಂದಿನ ದಿನ ಅವರೇ ರಜೆ ಹಾಕಿದೆ ಎಂದರು. ಬೆಳಿಗ್ಗೆ ನಾನು ಸೇವಂತಿಗೆ ಮತ್ತು ತೆಂಗಿನಕಾಯಿ ತರಲು ಕೆಳಗಿನ ಅಂಗಡಿಗೆ ಇಳಿದೆ. ಹಬ್ಬದ ಜನ, ಸ್ವಲ್ಪ ತಡವಾಯಿತು. ಮೇಲೆ ಬಂದು ಬಾಗಿಲು ತೆಗೆದಾಗ ಊದುಬತ್ತಿಯ ವಾಸನೆ ಆಗಲೇ ತುಂಬಿತ್ತು.

ಸಣ್ಣ ಕೋಣೆಯ ಮೇಜಿನ ಮೇಲೆ ಹಸಿರು ಬಟ್ಟೆ ನೀಟಾಗಿ ಮಡಚಿಟ್ಟಿತ್ತು. ನನ್ನ ಗರಗಸಕ್ಕೆ ಕುಂಕುಮ, ಕೀಸುಳಿಗೆ ಕುಂಕುಮ. ಸಾಲಾಗಿ ಮಲಗಿದ್ದ ಬಿಳಿ ಪಟ್ಟಿಗಳ ಮೇಲೆ, ಒಂದನ್ನೂ ಬಿಡದೆ, ನಟ್ಟ ನಡುವೆ ಒಂದೊಂದು ಕೆಂಪು ಬೊಟ್ಟು. ನೀರಿನಲ್ಲಿ ಕಲಸಿದ ಕುಂಕುಮ. ಅಂಚಿನಲ್ಲಿ ಅರಿಸಿನದ ಹಳದಿ ಆಗಲೇ ಮರದೊಳಕ್ಕೆ ಹರಡುತ್ತಿತ್ತು.

"ಎಂತ ಮಾಡಿದ್ದು ಇದು?" ಎಂದೆ.

ಅವರು ಊದುಬತ್ತಿಯನ್ನು ಬಾಳೆಹಣ್ಣಿಗೆ ಚುಚ್ಚುತ್ತಿದ್ದವರು ತಿರುಗಿದರು. "ಎಲ್ಲದಕ್ಕೂ ಇಟ್ಟೆ. ಇವುಗಳನ್ನು ಮಾತ್ರ ಬರೀ ಹಣೆಯಲ್ಲಿ ಬಿಡ್ಲಿಕ್ಕಾಗ್ತದಾ?"

ನಾನು ತೆಂಗಿನಕಾಯಿಯನ್ನು ಕೆಳಗಿಟ್ಟು ಹತ್ತಿ ತಂದೆ. ಒಂದು ಬೊಟ್ಟನ್ನು ಒತ್ತಿ ತೆಗೆದೆ. ಮೇಲಿನ ಕೆಂಪು ಹತ್ತಿಗೆ ಬಂತು, ಕೆಳಗಿನ ಗುಲಾಬಿ ಮರದಲ್ಲೇ ಉಳಿಯಿತು. ಒದ್ದೆ ಹತ್ತಿಯಲ್ಲಿ ಒರೆಸಿದೆ, ಇನ್ನಷ್ಟು ಅಗಲವಾಯಿತು. ಹೆರೆದರೆ ಪಟ್ಟಿ ಮಧ್ಯದಲ್ಲಿ ತೆಳುವಾಗಿ ಕೀಗಳ ಮಟ್ಟ ಕೆಡುತ್ತದೆ. ಹೊಸದಾಗಿ ಮಾಡುವಷ್ಟು ಬಿಳಿ ಮರ ಉಳಿದಿರಲಿಲ್ಲ. ಹೇಳಬೇಕಾದ ಮಾತುಗಳೆಲ್ಲ ನಾಲಿಗೆಯ ತುದಿಗೆ ಸಾಲಾಗಿ ಬಂದು ನಿಂತವು. ಅವರಿಗೂ ಅದು ತಿಳಿಯಿತು. ಸಿಸ್ಟರಮ್ಮ ಎಂದು ಕೂಡ ಕರೆಯಲಿಲ್ಲ.

ಎರಡನೆಯ ಪಟ್ಟಿಯನ್ನು ಕೈಗೆತ್ತಿಕೊಂಡಾಗ ಬೊಟ್ಟನ್ನು ಸರಿಯಾಗಿ ನೋಡಿದೆ. ದುಂಡಗಿತ್ತು. ಒಂದು ಬೆರಳಿನ ತುದಿಯಷ್ಟೇ ಅಗಲ, ನಡುವೆ ಚರ್ಮದ ಗೆರೆಗಳು ಮುದ್ರೆಯಂತೆ ಮೂಡಿದ್ದವು. ಮೂರನೆಯದು, ನಾಲ್ಕನೆಯದು, ಆ ಸಾಲಿನ ಕೊನೆಯದು ಎಲ್ಲವೂ ಹಾಗೇ. ಮೊದಲನೆಯ ಒಂದೆರಡು ಸ್ವಲ್ಪ ಎಳೆದಂತಿದ್ದವು. ಮುಂದೆ ಹೋದಂತೆ ಅಚ್ಚುಕಟ್ಟು. ಪಕ್ಕದಲ್ಲಿ ಬೇರೆ ಬೆರಳಿನ ಕಲೆ ಎಲ್ಲಿಯೂ ಇರಲಿಲ್ಲ.

"ಯಾವ ಕೈಯಲ್ಲಿ ಇಟ್ಟದ್ದು?"

ಬೈಗುಳಕ್ಕೆ ಕಾದು ನಿಂತಿದ್ದವರಿಗೆ ಆ ಪ್ರಶ್ನೆ ಬೈಗುಳಕ್ಕಿಂತ ಹೆಚ್ಚಿನ ಅವಮಾನವೆನಿಸಿತು. "ಎಡಗೈಯಲ್ಲಿ ಕುಂಕುಮ ಇಡ್ತಾರಾ ಯಾರಾದ್ರೂ? ಇಷ್ಟು ವರ್ಷ ಆಯ್ತು, ನನಗೆ ಅಷ್ಟೂ ಗೊತ್ತಿಲ್ವಾ?"

"ಕೈ ತೋರಿಸಿ."

ತೋರಿಸಿದರು. ಬಲಗೈ. ಉಂಗುರ ಬೆರಳಿನ ತುದಿ ಕೆಂಪಾಗಿತ್ತು. ನಡುಬೆರಳು ಶುದ್ಧ. ಕಿರುಬೆರಳು ಶುದ್ಧ.

ಅಷ್ಟು ತಿಂಗಳು ರಬ್ಬರು, ಕ್ಲಿಪ್ಪು, ಕಡಲೆ ಯಾವುದಕ್ಕೂ ಬೇರೆಯಾಗದಿದ್ದ ಬೆರಳು ಆ ಬೆಳಿಗ್ಗೆ ತಾನೊಂದೇ ಬಗ್ಗಿ ಪಟ್ಟಿಗಳನ್ನೆಲ್ಲ ಮುಟ್ಟಿ ಎದ್ದಿತ್ತು. ಕುಂಕುಮ ಇಡುವುದು ಬಲಗೈಯ ಉಂಗುರ ಬೆರಳಿನಲ್ಲಿ. ಬಾಲ್ಯದಿಂದ ಅದೊಂದೇ ದಾರಿ, ಬೇರೆ ದಾರಿ ಇದೆಯೆಂದು ಅವರಿಗೆ ಹೊಳೆಯಲೇ ಇಲ್ಲ. ಗವಸು ಮಾಡಬೇಕಾದ ಕೆಲಸವನ್ನು ಮಡಿ ಮಾಡಿತ್ತು. ಅವರೂ ತಮ್ಮ ಕೈಯನ್ನು ನೋಡಿಕೊಂಡರು, ಬೇರೆ ಯಾರದೋ ವಸ್ತು ಕೈಗೆ ಸಿಕ್ಕಿದ ಹಾಗೆ. ಗಾಳಿಯಲ್ಲಿ ಆ ಬೆರಳನ್ನು ಒಂದನ್ನೇ ಬಗ್ಗಿಸಲು ಪ್ರಯತ್ನಿಸಿದರು. ಬೆರಳುಗಳೆಲ್ಲ ಒಟ್ಟಿಗೆ ಮಡಚಿದವು. ಇನ್ನೊಮ್ಮೆ ಮಾಡಿದರು. ಮತ್ತೆ ಹಾಗೇ.

"ಇಲ್ಲ," ಎಂದರು. "ಹೋಯ್ತು."

ನಾನು ಕುಂಕುಮದ ಬಟ್ಟಲನ್ನು ತೆಗೆದು ಮುಂದೆ ಹಿಡಿದೆ. "ನನಗೆ ಇಡಿ," ಎಂದೆ.

ಅವರು ಬಟ್ಟಲಿನಲ್ಲಿ ಬೆರಳು ಅದ್ದಿದರು. ಯೋಚಿಸಬೇಡಿ, ಇಡಿ ಎಂದೆ. ನನ್ನ ಹಣೆಗೆ ತಣ್ಣಗೆ ಮುಟ್ಟಿತು. ಹೋಗಿ ಕನ್ನಡಿಯಲ್ಲಿ ನೋಡಿಕೊಂಡೆ. ದುಂಡಗೆ ಒಂದೇ ಬೊಟ್ಟು, ಸ್ವಲ್ಪ ಎಡಕ್ಕೆ. ಹಾಗೇ ಬಿಟ್ಟೆ.

ಆಮೇಲೆ ತೆಂಗಿನಕಾಯಿ ಒಡೆದು ಪೂಜೆ ಮುಗಿಸಿದೆವು. ಆ ಮಧ್ಯಾಹ್ನ ಅವರ ತಟ್ಟೆಯ ಪಕ್ಕ ನಾನು ಚಮಚ ಇಡಲಿಲ್ಲ. ಅವರು ಕೇಳಲೂ ಇಲ್ಲ. ಅನ್ನದ ಅಗುಳು ಮೇಜಿನ ತುಂಬ ಬಿದ್ದವು, ಸಾರು ಮಣಿಕಟ್ಟಿಗೆ ಇಳಿಯಿತು. ಪಾಯಸ ಇದ್ದದ್ದರಿಂದ ಊಟ ಬಹಳ ಹೊತ್ತು ನಡೆಯಿತು.

ಪಟ್ಟಿಗಳ ವಿಚಾರವನ್ನು ಮರುದಿನ ಎತ್ತಿಕೊಂಡೆ. ಕಲೆ ತೆಗೆಯುವ ಉಪಾಯಗಳನ್ನು ಯೋಚಿಸುತ್ತಾ ಒಂದನ್ನು ಮಗುಚಿ ನೋಡಿದೆ. ಹಿಂದಿನ ಮುಖಕ್ಕೆ ಕುಂಕುಮ ಇಳಿದಿರಲಿಲ್ಲ. ಅಲ್ಲಿ ಬೂದು ಎಳೆಗಳಿದ್ದವು, ಕೆಲವದರಲ್ಲಿ ತೆಳ್ಳಗೆ, ಕೆಲವದರಲ್ಲಿ ಧಾರಾಳವಾಗಿ. ದಿಮ್ಮಿಗಳು ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕಾದ ವಾರಗಳ ಗುರುತು ಅದು. ಗಂಡನನ್ನು ಕರೆದು ಎರಡೂ ಮುಖ ತೋರಿಸಿದೆ. ಬಾರಿಸುವವರು ನೀವು, ನೀವೇ ಹೇಳಿ ಎಂದೆ.

ಈ ಸಲ ಅವರು ಬಾಗಿಲು ದಾಟಿ ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. "ಕುಂಕುಮ ಅಡಿಗೆ ಹೋಗ್ಲಿ," ಎಂದರು. "ಬೂದು ಮೇಲೆ ಇರ್ಲಿ. ನಾನೂ ಅದೇ ಬಣ್ಣ ಅಲ್ವಾ ಈಗ."

ಹಾಗೇ ಮಾಡಿದೆವು. ನಾನು ಅಂಟು ಹಚ್ಚಿ ಕೂರಿಸುತ್ತಿದ್ದೆ, ಅವರು ಬಟ್ಟೆ ಕ್ಲಿಪ್ಪುಗಳನ್ನು ಒಂದೊಂದಾಗಿ ತೆಗೆದು ಕೀಗೆ ಕಚ್ಚಿಸುತ್ತಿದ್ದರು. ಅದೇ ವ್ಯಾಯಾಮದ ಕ್ಲಿಪ್ಪುಗಳು. ಅಂಟು ಆರಿದ ಮೇಲೆ ಅಂಚುಗಳನ್ನು ಹೆರೆದು ಗುಂಡಗೆ ಮಾಡಿ, ಬಣ್ಣ ಬದಲಿಸದ ತಿಳಿ ವಾರ್ನಿಷ್ ಎಳೆದೆ. ಕೀಸುಳಿಯನ್ನು ಓರೆಯಾಗಿ ಹಿಡಿಯುವುದು ಹೇಗೆಂದು ಅವರೇ ಒಮ್ಮೆ ತೋರಿಸಿದರು. ಎಡಗೈ ಮುಂದೆ, ಬಲಗೈ ಹಿಂದೆ. ಸುರುಳಿ ಎದ್ದು ನೆಲಕ್ಕೆ ಬಿತ್ತು. ಅವರು ಹೇಳುತ್ತಿದ್ದದ್ದು ಸರಿಯಾಗಿಯೇ ಇತ್ತು.

ಬೆರಳು ಒಂದು ದಿನ ಬಂದು ಎರಡು ದಿನ ಮುನಿಸಿಕೊಳ್ಳುತ್ತಿತ್ತು. ಬೆಳಿಗ್ಗೆಯ ರಬ್ಬರಿನ ಜಾಗಕ್ಕೆ ಹಾರ್ಮೋನಿಯಂ ಬಂತು. ಸ, ರಿ, ಗ, ಮ, ಮಕ್ಕಳ ಪಾಠ. ಪಕ್ಕದ ಫ್ಲ್ಯಾಟಿನವರು, ನಿಮ್ಮ ಮನೆಯಲ್ಲಿ ಯಾರು ಹಾರ್ಮೋನಿಯಂ ಕಲಿಯುತ್ತಿರುವುದು ಎಂದು ಲಿಫ್ಟಿನಲ್ಲಿ ಕೇಳಿದರು. ನಮ್ಮ 'ಮಗು' ಎಂದೆ.

ದೀಪಾವಳಿ ಕಳೆದ ಮೇಲಿನ ಒಂದು ಶುಕ್ರವಾರ ಬರ್ವಾದ ವ್ಯಾನು ಬಂದಾಗ ಅವರು ಹಾಲಿನಲ್ಲೇ ಇದ್ದರು. ಒಗೆದ ಪಂಚೆ ಉಟ್ಟು, ಹಾರ್ಮೋನಿಯಂ ಹಿಂದೆ. ಬಂದವರು ಚಪ್ಪಲಿ ಬಿಡುತ್ತಾ ನೋಡಿದರು, ತಮ್ಮ ತಮ್ಮ ಜಾಗದಲ್ಲಿ ಕೂತರು. ತಬಲಾದವರು ಮಾತ್ರ ಬಗ್ಗಿ ಕೀಗಳನ್ನು ನೋಡಿ, ಅತ್ತಿಗೆಯ ಹಪ್ಪಳ ಇಲ್ಲಿಗೆ ಬಂತಾ ಎಂದರು.

ಗಂಡ ಮೊದಲ ಭಜನೆ ಎತ್ತಿಕೊಂಡರು. ಸುಲಭದ್ದೇ. ಆದರೆ ಎರಡನೆಯ ಸಾಲಿನಲ್ಲಿ ಉಂಗುರ ಬೆರಳು ಹಿಂದೆ ಬಿತ್ತು, ಸ್ವರ ತಪ್ಪಿತು, ಕೈ ನಿಂತಿತು. ಹಾಡುತ್ತಿದ್ದವರ ದನಿ ಅಲ್ಲಲ್ಲೇ ತಗ್ಗಿತು. ಅವರು ಬಲಗೈಯನ್ನು ಎತ್ತಿ ತೊಡೆಯ ಕಡೆಗೆ ತಂದರು. ಆ ಚಲನೆ ನನಗೆ ಚೆನ್ನಾಗಿ ಗೊತ್ತು. ಇನ್ನು ಎದ್ದು ಒಳಗೆ ಹೋಗುತ್ತಾರೆ ಎಂದುಕೊಂಡೆ.

ತಬಲಾದವರು ಬಾರಿಸುವುದನ್ನು ನಿಲ್ಲಿಸಿ ಭುಜ ತಿಕ್ಕಿಕೊಂಡರು. "ಅಣ್ಣ, ಸ್ವಲ್ಪ ನಿಧಾನ ತೆಗೊಳ್ಳಿ ಮಾರಾಯ್ರೆ," ಎಂದರು. "ನಿಮ್ಮ ಸ್ಪೀಡಿಗೆ ನನಗೆ ಆಗುದಿಲ್ಲ. ನನಗೂ ಪ್ರಾಯ ಆಯ್ತು."

ಯಾರೋ ನಕ್ಕರು. ಗಂಡ ತಬಲಾದವರನ್ನು ಒಂದು ಕ್ಷಣ ನೋಡಿದರು. ಆಮೇಲೆ ಕೈಯನ್ನು ಮತ್ತೆ ಕೀಗಳ ಮೇಲೆ ಇಟ್ಟರು. ಭಜನೆ ಎತ್ತಿನ ಗಾಡಿಯ ವೇಗದಲ್ಲಿ ಮೊದಲಿನಿಂದ ಹೊರಟಿತು. ಆ ಸಾಲು ಬಂದಾಗ ಎಲ್ಲರೂ ಒಂದಿಷ್ಟು ಕಾದರು. ಬೆರಳು ಬಂದು ಸೇರಿಕೊಂಡಿತು.

ಮಂಗಳ ಮುಗಿದು ಪಂಚಕಜ್ಜಾಯ ಹಂಚಿದೆ. ಅವರು ಹಾರ್ಮೋನಿಯಂ ಹಿಂದಿನಿಂದಲೇ ಬಲಗೈ ಚಾಚಿದರು, ಕೆಳಗೆ ಎಡಗೈ ಆಸರೆ. ಬೆರಳುಗಳ ಸಂದಿನಿಂದ ಸ್ವಲ್ಪ ಉದುರಿ ಕೀಗಳ ಮೇಲೆ ಬಿತ್ತು. ಬೆಲ್ಲ, ಎಳ್ಳು. ಬೆಲ್ಲ ಅಂಟು, ಕೂಡಲೇ ಒರೆಸಬೇಕು. ನಾನು ಒಳಗಿನಿಂದ ಒಣ ಬಟ್ಟೆ ತಂದು ಕೊಟ್ಟು, ಬರ್ವಾದವರ ಚಹಾಕ್ಕೆ ಸಕ್ಕರೆ ನೋಡಲು ತಿರುಗಿದೆ. ಒರೆಸಿದ್ದು ಅವರೇ. ಯಾವ ಕೈಯಲ್ಲಿ ಎಂದು ನಾನು ನೋಡಲಿಲ್ಲ.